ನಡುಗುವ ಎದೆ

ಮಗುವಿನ ಎದೆ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ನಡುಗುತ್ತಿತ್ತು.

ಬೆಳಿಗ್ಗೆ ಹೀಗಿರಲಿಲ್ಲ. ಆಗ ಹಾಕಿದ್ದ ಯಂತ್ರ ಉಸಿರು ಊದಿದಾಗಲೆಲ್ಲ ಅಂಗೈಯಗಲದ ಆ ಎದೆ ಮೇಲೇಳುತ್ತಿತ್ತು, ತಗ್ಗುತ್ತಿತ್ತು. ತಾಯಿ ಅದನ್ನು ನೋಡಿಯೇ ಜೀವ ಹಿಡಿದುಕೊಂಡಿದ್ದಳು. ಆಮೇಲೆ ಇಬ್ಬರು ಡಾಕ್ಟರುಗಳು ಬಂದು, ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಮಾತಾಡಿಕೊಂಡರು.

"ಗಾಳಿ ಒತ್ತಡ ಇನ್ನೂ ಏರಿಸೋಣ್ವಾ ಮೇಡಂ?" ಎಂದ ಕಿರಿಯವನು.

"ಏರಿಸಿದ್ರೆ ಶ್ವಾಸಕೋಶ ಹರಿದುಹೋಗತ್ತೆ. ಆ ಇನ್ನೊಂದು ಮಷೀನಿಗೆ ಹಾಕೋಣ."

"ಹೋದ ಸಲ ಅದಕ್ಕೆ ಹಾಕಿದ ಮಗು..."

"ಗೊತ್ತಪ್ಪ. ಬೇರೆ ದಾರಿ ಇದ್ರೆ ಹೇಳು."

ತಾಯಿಗೆ ಅರ್ಥವಾದದ್ದು 'ಹರಿದುಹೋಗತ್ತೆ' ಎಂಬ ಒಂದೇ ಮಾತು. ಅವಳು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರಮ್ಮ ಯಂತ್ರ ಬದಲಿಸಿ ಇನ್ನೊಂದು ಮಗುವಿನ ಬಳಿ ಓಡಿದ್ದರು. ಇಡೀ ವಾರ್ಡಿಗೆ ಒಬ್ಬಳೇ ಸಿಸ್ಟರ್. ಆಸ್ಪತ್ರೆಯ ಮುಂಬಾಗಿಲಿಗೆ ಕಾರಂಜಿ ಕಟ್ಟಿಸಿದವರಿಗೆ ಎರಡನೆಯವಳು ಬೇಕೆನಿಸಿರಲಿಲ್ಲ. ಹಾಗಾಗಿ ತಾಯಂದಿರನ್ನೇ ಕಾವಲಿಗೆ ಕೂರಿಸುತ್ತಿದ್ದರು. "ನೋಡ್ಕೋತಾ ಇರಮ್ಮ" ಎಂದು ಸಿಸ್ಟರ್ ಹೋದಳು. ಏನನ್ನು ನೋಡಬೇಕೆಂದು ಹೇಳಲಿಲ್ಲ.

ಅವಳು ನೋಡಿದಳು. ಕತ್ತಿನಿಂದ ಹೊಕ್ಕುಳದವರೆಗೆ ಮಗು ಗಡಗಡ ನಡುಗುತ್ತಿತ್ತು. ಚಳಿ. ಕಾಲ ಬಳಿ ಮಡಿಸಿಟ್ಟಿದ್ದ ಬಟ್ಟೆಯನ್ನು ಬಿಡಿಸಿ ಕೂಸಿನ ಎದೆಗೆ ಮೆಲ್ಲಗೆ ಹೊದಿಸಿದಳು. ನಡುಕ ಕಣ್ಣಿಗೆ ಮರೆಯಾಯಿತು.

ಸ್ವಲ್ಪ ಹೊತ್ತಿಗೆ ಮಾನಿಟರಿನ ಪರದೆಯ ಮೇಲೆ ಆಮ್ಲಜನಕದ ಅಂಕಿ ಇಳಿಯತೊಡಗಿತು. ಯಂತ್ರ ಅರಚಿತು. ಓಡಿಬಂದ ಸಿಸ್ಟರ್ ಬಟ್ಟೆಯನ್ನು ಕಿತ್ತೆಸೆದಳು. ಬಲಗಡೆ ಎದೆ ನಡುಗುತ್ತಿತ್ತು, ಎಡಗಡೆ ಸುಮ್ಮನಿತ್ತು. ತುಟಿ ನೀಲಿಗಟ್ಟಿತ್ತು.

"ಗಂಟಲಿನ ಟ್ಯೂಬ್ ಒಳಗೆ ಜಾರಿದೆ ಮೇಡಂ, ಒಂದೇ ಕಡೆ ಗಾಳಿ ಹೋಗ್ತಿದೆ," ಎಂದು ಕೂಗಿದಳು.

ಡಾಕ್ಟರಮ್ಮ ಓಡಿಬಂದು ಮಗುವಿನ ತುಟಿಯ ಮೇಲಿನ ಪ್ಲಾಸ್ಟರ್ ಬಿಡಿಸಿ, ಕೊಳವೆಯನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದರು. ಎಡಗಡೆ ಮೊದಲು ಅದುರಿತು, ಆಮೇಲೆ ನಡುಗಿತು.

"ನೊಣ ಕೂರತ್ತೆ ಅಂತ ಮುಚ್ಚಿಟ್ಯೇನಮ್ಮಾ?" ಸಿಸ್ಟರ್ ತಿರುಗಿದಳು. "ಎದೆ ಕಾಣದಿದ್ರೆ ನಮಗೆ ಹೇಗೆ ಗೊತ್ತಾಗ್ಬೇಕು?"

"ಚಳಿ ಅಂದ್ಕೊಂಡೆ." ತಾಯಿಯ ದನಿ ಗಟ್ಟಿಯಾಗಿತ್ತು. "ಚಳಿ ಅಲ್ಲ ಅಂತ ನೀವ್ಯಾರಾದ್ರೂ ಬಾಯಿಬಿಟ್ಟು ಹೇಳಿದ್ರಾ ಅಕ್ಕಾ? ನನ್ ಮಗು ನಡುಗ್ತಾ ಇದ್ರೆ ಸುಮ್ನೆ ನೋಡ್ತಾ ಕೂರ್ಲಾ?"

ಸಿಸ್ಟರ್ ಹೊಸ ಪ್ಲಾಸ್ಟರ್ ಕತ್ತರಿಸಿ ಕೊಳವೆಯನ್ನು ತುಟಿಗೆ ಅಂಟಿಸಿದಳು.

"ಇಲ್ಲ, ಹೇಳಲಿಲ್ಲ," ಎಂದರು ಡಾಕ್ಟರಮ್ಮ. "ಹತ್ರ ಬಾಮ್ಮ. ಈ ಮಷೀನು ಉಸಿರು ಊದಲ್ಲ, ಒಳಗಿನ ಗಾಳೀನ ಅಲುಗಾಡಿಸತ್ತೆ. ಎರಡೂ ಕಡೆ, ಹೊಕ್ಕುಳದವರೆಗೂ ನಡುಗ್ತಾ ಇರ್ಬೇಕು. ಒಂದು ಕಡೆ ನಿಂತ್ರೂ ಕೂಗು."

"ನಡುಗ್ತಾ ಇದ್ರೆ ಉಳಿಯತ್ತಾ?"

"ನಡುಗೋದು ನಿಂತ್ರೆ ಉಳಿಯಲ್ಲ. ಅಷ್ಟೇ ಹೇಳಬಲ್ಲೆ."

ಅಷ್ಟರಲ್ಲಿ ಇನ್ನೆಲ್ಲೋ ಯಂತ್ರ ಅರಚಿತು. ಇಬ್ಬರೂ ಓಡಿದರು.

ತಾಯಿ ಸ್ಟೂಲನ್ನು ಹತ್ತಿರಕ್ಕೆಳೆದು, ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆಯೇ ಕುಳಿತಳು. ಮಗುವಿನ ಬರಿಯ ಹೊಟ್ಟೆಯ ಮೇಲೆ, ಕ್ಲಿಪ್ಪು ಹಾಕಿದ್ದ ಹೊಕ್ಕುಳಬಳ್ಳಿಯ ತುಂಡು ಸಣ್ಣಗೆ ಅದುರುತ್ತಲೇ ಇತ್ತು.