ಹಿತ್ತಾಳೆ ಎಂಜಿನ್ನಿನ ಕುಂಟು

ಹಲ್ಲು ಕಟ್ಟುವುದು ಅಳಿಯನ ಕಸುಬು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯೇ ಅವನ ಕೆಲಸದ ಜಾಗ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಊರವರ ದವಡೆಗಳ ಬಿಳಿ ಅಚ್ಚುಗಳು ಸಾಲಾಗಿ ಹಲ್ಲು ಕಿರಿದು ಕೂತಿರುತ್ತಿದ್ದವು. ಒಂದೊಂದರ ಬೆನ್ನಿಗೂ ಪೆನ್ಸಿಲಿನ ಗುರುತು: ‘ಟೈಲರು, ಮೇಲಿನದು’, ‘ಬ್ಯಾಂಡಿನವರು, ಕೆಳಗಿನದು, ತುತ್ತೂರಿ ಊದಬೇಕು, ಜೋಪಾನ’.

ಒಂದು ಬೆಳಿಗ್ಗೆ ಮಹಡಿಯಿಂದ ಇಳಿದು ಬಂದ ಮಾವ, ಟೈಲರನ್ನೂ ಬ್ಯಾಂಡಿನವರನ್ನೂ ಆಚೀಚೆ ಸರಿಸಿ, ಟವೆಲಿನಲ್ಲಿ ಸುತ್ತಿದ ಗಂಟೊಂದನ್ನು ನಡುವೆ ಇಟ್ಟರು. ಬಿಚ್ಚಿದರೆ ಹಿತ್ತಾಳೆಯ ರೈಲು ಎಂಜಿನ್ನು. ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ. ಕಪ್ಪುಗಟ್ಟಿತ್ತು, ಒಂದು ಮೆಟ್ಟಿಲು ಕಳಚಿ ನೇತಾಡುತ್ತಿತ್ತು.

“ಇದರ ಗೇರಿಗೆ ಹಲ್ಲು ಹೋಗಿದೆ ಅಳಿಯಂದ್ರೆ. ಊರಿಗೆಲ್ಲ ಹಲ್ಲು ಕಟ್ತೀರಿ, ಇದಕ್ಕೂ ಕಟ್ಟಿಕೊಡಿ.”

ಮಾವ ಹಬೆ ಎಂಜಿನ್ನಿನ ಡ್ರೈವರಾಗಿದ್ದವರು. ಇಪ್ಪತ್ತೆರಡು ವರ್ಷ ಒಂದೇ ಎಂಜಿನ್ನು ಓಡಿಸಿದ್ದರು. ನಿವೃತ್ತರಾದ ದಿನ ವರ್ಕ್‌ಶಾಪಿನ ಫಿಟ್ಟರೊಬ್ಬರು ಅದನ್ನೇ ಹಿತ್ತಾಳೆ ತಗಡಿನಲ್ಲಿ ಪುಟ್ಟದಾಗಿ ಬೆಸೆದು, ಒಳಗೊಂದು ಮೋಟಾರಿಟ್ಟು ಕೊಟ್ಟಿದ್ದರು. ನಾಲ್ಕು ದಿನ ಹಳಿಯ ಮೇಲೆ ಗೊರಗೊರ ಎನ್ನುತ್ತಾ ತಿರುಗಿದ ಎಂಜಿನ್ನು, ಆಮೇಲೆ ಅಲ್ಮೇರಾ ಏರಿ ಕೂತದ್ದು ಇಳಿದೇ ಇರಲಿಲ್ಲ.

ಅಳಿಯನಿಗೆ ರೈಲಿನ ಗಂಧಗಾಳಿ ಗೊತ್ತಿರಲಿಲ್ಲ. ಆದರೆ ಮಾವನ ಮಾತನ್ನು ತಳ್ಳಿಹಾಕುವುದು ಹೇಗೆ? ಅದೂ ಅಲ್ಲದೆ, ಕಾಳಿನಷ್ಟು ಚಿಕ್ಕ ಭಾಗಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವುದೆಂದರೆ ಅವನಿಗೆ ನೀರು ಕುಡಿದಷ್ಟು ಸುಲಭ. ‘ಎರಡು ದಿನದ ಕೆಲಸ’ ಎಂದುಕೊಂಡ.

ಐದು ವಾರ ಹಿಡಿಯಿತು.

ಒಳಗಿನ ಗ್ರೀಸು ಒಣಗಿ ಗೋಂದಾಗಿತ್ತು. ಗೇರಿನಲ್ಲಿ ನಿಜಕ್ಕೂ ನಾಲ್ಕು ಹಲ್ಲು ಬಿದ್ದುಹೋಗಿದ್ದವು. ನೇತಾಡುವ ಮೆಟ್ಟಿಲನ್ನು ಬೆಸೆಯೋಣವೆಂದು ಕಾಸಿದರೆ, ಪಕ್ಕದ ಕೊಳವೆ ಕಳಚಿ ಬಿತ್ತು. ಕೊಳವೆಯನ್ನು ಬೆಸೆದರೆ ದೀಪ ಉದುರಿತು. ದೀಪ ಕೂರಿಸುವಷ್ಟರಲ್ಲಿ ಮೆಟ್ಟಿಲು ಮತ್ತೆ ನೇತಾಡಿತು. ಕೆರೆದು ಹುಣ್ಣು ಮಾಡಿಕೊಂಡೆನಲ್ಲ ಎಂದು ತಲೆಯ ಮೇಲೆ ಕೈಯಿಟ್ಟು ಕೂತವನಿಗೆ, ಕೊನೆಗೆ ಬುದ್ಧಿ ಹೊಳೆದದ್ದು ಕಸುಬಿನಿಂದಲೇ: ಬೆಸೆಯುವ ಜಾಗವೊಂದನ್ನು ಬಿಟ್ಟು, ಕಾವು ಹರಡದಂತೆ ಸುತ್ತಲೂ ಒದ್ದೆ ಹತ್ತಿ ತುರುಕಿದ. ಥೇಟ್ ಹಲ್ಲು ಕೀಳಿಸಿಕೊಂಡವರ ಬಾಯಿಯ ಹಾಗೆ ಕಂಡಿತು ಎಂಜಿನ್ನು. ಆದರೆ ಈ ಸಲ ಬೇರೇನೂ ಉದುರಲಿಲ್ಲ.

ಅಲ್ಲಿಂದ ಮುಂದೆ ಅವನಿಗೆ ಹುರುಪು ಹತ್ತಿತು. ಹಳೆಯ ಮೋಟಾರನ್ನು ಎಸೆದು ಕಿರುಬೆರಳ ತುದಿಯಷ್ಟಿರುವ ಹೊಸದನ್ನು ತರಿಸಿದ. ಹೊಸ ಗೇರು ಕೂರಿಸಿದ. ಚಕ್ರ ಜಾರದಿರಲೆಂದು ಬಾಯ್ಲರಿನ ಹೊಟ್ಟೆಗೆ ಸೀಸ ತುಂಬಿದ. ಹಿಂದಿನ ಕಲ್ಲಿದ್ದಲ ಡಬ್ಬಿಯೊಳಗೆ ಬ್ಯಾಟರಿಯನ್ನೂ, ಹಬೆಯ ಸದ್ದು ಹೊರಡಿಸುವ ಎಲೆಕ್ಟ್ರಾನಿಕ್ ಚಿಪ್ಪನ್ನೂ, ಅಂಗಿ ಗುಂಡಿಯಷ್ಟು ಪುಟ್ಟ ಸ್ಪೀಕರನ್ನೂ ಅಡಗಿಸಿಟ್ಟ. ಮೈಯನ್ನು ಸೋಪು ನೀರು, ಹಲ್ಲಿನ ಬ್ರಷ್ಷು ಹಾಕಿ ಉಜ್ಜಿ, ಹಲ್ಲಿನ ಸೆಟ್ಟುಗಳಿಗೆ ಹೊಳಪು ಕೊಡುವ ಪುಡಿಯಿಂದಲೇ ತಿಕ್ಕಿದ. ಇತ್ತ ಟೈಲರು ಮೂರು ಸಲ ಬಂದು, ಬೊಚ್ಚು ಬಾಯಲ್ಲೇ ಬೈದು ಹೋದರು.

“ನಿಮಗೆ ಮದುವೆಯಲ್ಲಿ ನಮ್ಮಪ್ಪ ಇದನ್ನೇ ಕೊಟ್ಟಿದ್ರೆ ಸಾಕಿತ್ತು, ನನ್ನ ಕಡೆ ತಿರುಗಿಯೂ ನೋಡ್ತಿರಲಿಲ್ಲ” ಎಂದಳು ಹೆಂಡತಿ.

ಓಡಿಸಿ ತೋರಿಸುವ ದಿನ ಮೇಜಿನ ಮೇಲೆ ಮೊಟ್ಟೆಯಾಕಾರದಲ್ಲಿ ಹಳಿ ಜೋಡಿಸಿದ. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕುರ್ಚಿಯಲ್ಲಿ ಕೂತರು. ಅತ್ತೆ ಬಾಗಿಲಿಗೆ ಒರಗಿ ನಿಂತರು. ಅಳಿಯ ಮೇಜಿನ ಮೇಲಿನ ರಿಮೋಟಿನ ಗುಂಡಿ ತಿರುಗಿಸಿದ. ಎಂಜಿನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಹೊರಟಿತು. ಛುಫ್, ಛುಫ್, ಛುಫ್, ಛುಫ್. ಗೊರಗೊರ ಇಲ್ಲ, ತಡವರಿಕೆ ಇಲ್ಲ. ಮೂರು ಸುತ್ತು ಮುಗಿಯುವ ತನಕ ಮಾವ ರೆಪ್ಪೆ ಬಡಿಯಲಿಲ್ಲ.

“ಬಹಳ ಚೆನ್ನಾಗಿದೆ” ಎಂದರು. ಅಳಿಯನ ಎದೆ ಉಬ್ಬಿತು. “ಯಾರ ಎಂಜಿನ್ನು ಇದು?”

“ಯಾರದು ಅಂದ್ರೆ? ನಿಮ್ದೇ ಅಲ್ವಾ ಮಾವ?”

“ನಂದು ಹೀಗೆ ಹೋಗ್ತಿರಲಿಲ್ಲ. ನಂದು ಕುಂಟುತ್ತಿತ್ತು.”

ಉಬ್ಬಿದ ಎದೆ ಅಲ್ಲೇ ಇಳಿಯಿತು. ಮಾವ ಬೇಸರವಿಲ್ಲದೆ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಹಬೆ ಎಂಜಿನ್ನಿನ ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ನಾಲ್ಕು ಸಲ ಉಸಿರು ಬಿಡುತ್ತದೆ. ಬೇರೆಯವರ ಎಂಜಿನ್ನುಗಳಲ್ಲಿ ನಾಲ್ಕೂ ಸಮ. ಮಾವನದರಲ್ಲಿ ಒಂದು ಉಸಿರು ಯಾವಾಗಲೂ ಸಣ್ಣದು. ಮೇಲಧಿಕಾರಿಗಳು ಎಷ್ಟು ಸಲ ಬಿಚ್ಚಿಸಿ ನೋಡಿದರೂ ಸರಿಹೋಗಲಿಲ್ಲ. ಎರಡು ಮೈಲಿ ದೂರದಿಂದಲೇ ಜನ ‘ಕುಂಟಿ ಬಂದಳು’ ಎನ್ನುತ್ತಿದ್ದರಂತೆ.

“ಎರಡನೇ ಉಸಿರು ಸಣ್ಣದು. ಛುಫ್, ಛು, ಛುಫ್, ಛುಫ್” ಎಂದು ಮಾವ ಕುರ್ಚಿಯ ಕೈ ಮೇಲೆ ಬಡಿದು ತೋರಿಸಿದರು.

“ಎರಡನೇದಲ್ಲ ರೀ, ನಾಲ್ಕನೇದು” ಎಂದಿತು ಬಾಗಿಲ ಕಡೆಯ ದನಿ.

ಎಲ್ಲರೂ ತಿರುಗಿದರು. ಅತ್ತೆ ಒಳಗೆ ಬಂದು ಮೇಜಿನ ಅಂಚಿನ ಮೇಲೆ ಬೆರಳಿನಿಂದ ತಟ್ಟಿದರು: “ಛುಫ್, ಛುಫ್, ಛುಫ್, ಛು. ಮೂರು ಜೋರು, ಆಮೇಲೆ ಎಡವೋದು.”

“ಓಡಿಸ್ತಿದ್ದೋನು ನಾನಾ, ನೀನಾ?”

“ಓಡಿಸ್ತಿದ್ದೋರು ನೀವೇ. ಕೇಳ್ತಿದ್ದೋಳು ನಾನು. ಹಳಿ ಪಕ್ಕದ ಮನೇಲಿ ಇಪ್ಪತ್ತೆರಡು ವರ್ಷ, ಈ ಸದ್ದು ಕೇಳಿದ ಮೇಲೇ ನಾನು ಒಲೆ ಹಚ್ಚುತ್ತಿದ್ದಿದ್ದು. ನೀವು ಮೇಲೆ ಕೂತು ಕೂಗಾಡ್ತಾ ಇರೋರು, ನಿಮಗೇನು ಕೇಳ್ಸುತ್ತೆ?”

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಆರು ಊಟ, ಮೂರು ನಿದ್ದೆ ಮುಗಿದರೂ ಮುಗಿಯಲಿಲ್ಲ. ಮಹಡಿಯಿಂದ ಒಮ್ಮೆ ಮಾವನ ಕೋಲು, ಒಮ್ಮೆ ಅತ್ತೆಯ ಸೌಟು, ತಂತಮ್ಮ ಲೆಕ್ಕದಲ್ಲಿ ನೆಲ ಕುಟ್ಟುವುದು ಕೇಳುತ್ತಿತ್ತು. ಮಾವ ಇಳಿದು ಬಂದು “ಎರಡನೇದು, ಮರೀಬೇಡಿ” ಎಂದು ಹೋದರೆ, ಅವರ ಬೆನ್ನಿಗೇ ಅತ್ತೆ ಟೀ ತಂದಿಟ್ಟು, “ಅವರ ಮಾತು ಕಟ್ಟಿಕೊಂಡು ಕೆಲಸ ಕೆಡಿಸ್ಬೇಡಿ, ನಾಲ್ಕನೇದು” ಎಂದು ಪಿಸುಗುಟ್ಟುತ್ತಿದ್ದರು. ಅಳಿಯ ಅಡಕತ್ತರಿಯಲ್ಲಿ ಸಿಕ್ಕಿಕೊಂಡ.

“ನೀನಾದ್ರೂ ಹೇಳು, ಯಾವುದು ಸರಿ?” ಎಂದು ಹೆಂಡತಿಯನ್ನು ಕೇಳಿದ.

“ಅವರಿಬ್ಬರ ಮಧ್ಯೆ ಹುಟ್ಟಿದ ನಾನೇ ಇವತ್ತಿನವರೆಗೆ ತಲೆ ಹಾಕಿಲ್ಲ. ನೀವು ಯಾಕೆ ಹಾಕ್ತೀರಿ?”

ಕೊನೆಗೆ ಅವನು ಇಬ್ಬರನ್ನೂ ಸಂಭಾಳಿಸುವ ಉಪಾಯ ಮಾಡಿದ. ಚಿಪ್ಪಿಗೆ ಎರಡು ಬಗೆಯ ಸದ್ದು ತುಂಬುವುದು: ರಿಮೋಟಿನ ಒಂದನೇ ಬಟನ್ನಿಗೆ ಮಾವನ ಕುಂಟು, ಎರಡನೆಯದಕ್ಕೆ ಅತ್ತೆಯ ಕುಂಟು. ಯಾರಿದ್ದಾರೋ ನೋಡಿಕೊಂಡು ಒತ್ತಿದರಾಯಿತು. ಕಂಪ್ಯೂಟರಿನ ಮುಂದೆ ಕೂತು, ಚೆಂದದ ನಾಲ್ಕು ಉಸಿರುಗಳಲ್ಲಿ ಒಂದರ ಕತ್ತು ಹಿಸುಕಿದ. ಸರಿ ಮಾಡುವುದಕ್ಕಿಂತ ಕೆಡಿಸುವುದೇ ಕಷ್ಟವಾಯಿತು. ಹೆಚ್ಚು ಹಿಸುಕಿದರೆ ಉಸಿರೇ ನಿಂತಂತಾಗುತ್ತಿತ್ತು, ಕಡಿಮೆ ಹಿಸುಕಿದರೆ ಕುಂಟೇ ಕೇಳುತ್ತಿರಲಿಲ್ಲ.

ಎರಡು ದಿನವಾದ ಮೇಲೆ ಎಂಜಿನ್ನನ್ನು ಹಳಿಗೆ ಬಿಟ್ಟು ಮಾವನ ಬಟನ್ನು ಒತ್ತಿದ. ಕುಂಟುತ್ತಾ ಹೊರಟಿತು. ಓಡುತ್ತಿರುವಾಗಲೇ ಅತ್ತೆಯ ಬಟನ್ನು ಒತ್ತಿದ. ಏನೂ ಬದಲಾಗಲಿಲ್ಲ. ಚಿಪ್ಪು ಕೆಟ್ಟಿತೆಂದು ಬಿಚ್ಚಿ ಮತ್ತೆ ತುಂಬಿದ. ಮತ್ತೆ ಅದೇ. ಮೂರು ಜೋರು, ಒಂದು ಸಣ್ಣದು, ಮೂರು ಜೋರು, ಒಂದು ಸಣ್ಣದು. ಅವನು ಬೆರಳು ಮಡಚಿ ಎಣಿಸುತ್ತಾ ಕೂತ. ಇಲ್ಲಿಂದ ಎಣಿಸಿದರೆ ಎರಡನೆಯದು ಸಣ್ಣದು. ಎರಡು ಉಸಿರು ಬಿಟ್ಟು ಎಣಿಕೆ ಶುರು ಮಾಡಿದರೆ ನಾಲ್ಕನೆಯದು ಸಣ್ಣದು. ತಿರುಗುವ ಚಕ್ರಕ್ಕೆ ಮೊದಲು ಯಾವುದು, ಕೊನೆ ಯಾವುದು? ಇಷ್ಟು ದಿನ ಕೋಲೂ ಸೌಟೂ ಕುಟ್ಟುತ್ತಿದ್ದದ್ದು ಒಂದೇ ಕುಂಟನ್ನು!

ಓಡಿ ಹೋಗಿ ಹೆಂಡತಿಗೆ ಹೇಳಿದ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಅವರಿಗೆ ಮಾತ್ರ ಹೇಳ್ಬೇಡಿ. ಹೇಳಿದ್ರೆ ಇಬ್ಬರೂ ಒಂದಾಗಿ ನಿಮ್ಮ ಮೇಲೆ ಬೀಳ್ತಾರೆ.”

ಮರುದಿನ ಬೆಳಿಗ್ಗೆ ಮತ್ತೆ ಎಲ್ಲರೂ ಸೇರಿದರು. ಹಲ್ಲು ಕೇಳಲು ಬಂದ ಟೈಲರೂ ಸಿಕ್ಕಿಬಿದ್ದರು. ಎಂಜಿನ್ನು ಹೊರಟಿತು. ಮೊದಲ ಸುತ್ತಿಗೇ ಮಾವನ ಬಲಗೈ ತಾನಾಗಿ ಮೇಲೆದ್ದು, ಅಲ್ಲಿಲ್ಲದ ಹಿಡಿಕೆಯೊಂದನ್ನು ಹಿಡಿದು ಮೆಲ್ಲಗೆ ಎಳೆಯಿತು. ಅತ್ತೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

“ಇದೇ ಅಳಿಯಂದ್ರೆ, ಇದೇ ನನ್ನ ಕುಂಟಿ” ಎಂದ ಮಾವ, ಮರುಗಳಿಗೆಯಲ್ಲೇ ಹೆಂಡತಿಯತ್ತ ತಿರುಗಿದರು. “ಕೇಳಿದ್ಯಾ? ಎರಡನೇದು.”

“ಪಾಪ, ಅಳಿಯಂದ್ರು ನನ್ನ ಮಾತು ಉಳಿಸಿಕೊಟ್ರು” ಎಂದರು ಅತ್ತೆ ಕಣ್ಣು ತೆರೆಯದೆ. “ನಾಲ್ಕನೇದೇ.”

ಅಳಿಯ ಬಾಯಿಗೆ ಬೀಗ ಹಾಕಿಕೊಂಡು ಹಳಿಯನ್ನೇ ನೋಡುತ್ತಿದ್ದ. ಹೆಂಡತಿಯ ಮುಖ ನೋಡಿದ್ದರೆ ನಗು ಸಿಡಿಯುತ್ತಿತ್ತು.

“ಅಮ್ಮ, ನೀನೂ ಒಂದ್ಸಲ ಓಡ್ಸು” ಎಂದಳು ಅವಳು.

ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯನ್ನು ಒಮ್ಮೆಯೂ ಎಂಜಿನ್ನು ಹತ್ತಿಸಿರಲಿಲ್ಲ, ಅದು ನಿಯಮಕ್ಕೆ ವಿರುದ್ಧ. ಆದರೆ ಈ ಮೇಜಿನ ಮೇಲೆ ಯಾವ ನಿಯಮ? ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಗುಂಡಿ ಹಿಡಿದರು, ಹಿಡಿದವರೇ ಪೂರ್ತಿ ತಿರುಗಿಸಿಬಿಟ್ಟರು.

“ನಿಧಾನ! ತಿರುವು! ತಿರುವು!” ಎಂದು ಮಾವ ಕೂಗಿಕೊಂಡರು. ಅಷ್ಟರಲ್ಲಿ ಕುಂಟಿ ಹಳಿ ಬಿಟ್ಟು ಹಾರಿ, ಅಚ್ಚು ಹುಯ್ಯುವ ಪ್ಲಾಸ್ಟರು ಪುಡಿಯ ಬೋಗುಣಿಯಲ್ಲಿ ಮೂಗು ಹುಗಿದುಕೊಂಡು ಬಿದ್ದಳು. ಬಿಳಿ ಧೂಳು ಎದ್ದು ಟೈಲರ ಮೀಸೆ ಹಣ್ಣಾಯಿತು. ಪುಡಿಯೊಳಗಿಂದ ಉಸಿರು ಮಾತ್ರ ಕೇಳುತ್ತಲೇ ಇತ್ತು.

“ನನ್ನ ಸರ್ವೀಸಲ್ಲಿ ಒಂದು ಸಲವೂ ಹಳಿ ತಪ್ಪಿಸಿಲ್ಲ ನಾನು!”

“ನಿಮಗೆ ತಿರುವು ಎಲ್ಲಿದೆ ಅಂತ ಗೊತ್ತಿತ್ತು. ನನಗೆ ಯಾರು ಹೇಳಿದ್ರು?” ಎಂದರು ಅತ್ತೆ. ಗುಂಡಿಯ ಮೇಲಿನ ಕೈ ತೆಗೆದಿರಲಿಲ್ಲ.

ಮಾವ ಎದ್ದು ಬಂದು ಬೋಗುಣಿಯಿಂದ ಎಂಜಿನ್ನನ್ನು ಎತ್ತಿ, ಅಳಿಯ ಕೊಟ್ಟ ಬ್ರಷ್ಷಿನಿಂದ ಚಕ್ರದ ಸಂದುಗಳನ್ನೆಲ್ಲ ತಾವೇ ಉಜ್ಜಿ, ಹಳಿಯ ಮೇಲೆ ನಿಲ್ಲಿಸಿದರು. ಆಮೇಲೆ ಹೆಂಡತಿಯ ಹಿಂದೆ ನಿಂತುಕೊಂಡು, “ಕಾಲು ಭಾಗ ತಿರುಗ್ಸು, ಸಾಕು” ಎಂದರು. “ಈಗ ಸಮ ದಾರಿ... ಹೂಂ, ತಿರುವು ಬಂತು, ಸ್ವಲ್ಪ ಇಳ್ಸು...”

“ಗೊತ್ತಾಯ್ತು ಬಿಡ್ರೀ” ಎಂದರು ಅತ್ತೆ. ಆದರೂ ಇಳಿಸಿದರು.

ಟೈಲರು ಮೀಸೆ ಒರೆಸಿಕೊಳ್ಳುತ್ತಾ ಸ್ಟೂಲು ಎಳೆದುಕೊಂಡು ಕೂತರು. “ಹಲ್ಲಿಗೆ ನಾಳೆ ಬರ್ತೀನಿ ಬಿಡಿ” ಎಂದರು ಅಳಿಯನಿಗೆ. “ಇವರದ್ದಾದ ಮೇಲೆ ನಂಗೊಂದು ಸುತ್ತು ಕೊಡ್ತಾರಾ, ಕೇಳಿ.”