ಅಂಚಿನ ಡಬ್ಬಿ

ಹಿಟ್ಟು, ನೀರು. ಉಪ್ಪಿಲ್ಲ, ಹುಳಿಯಿಲ್ಲ. ಅಚ್ಚಿನಮ್ಮ ಇಂದಿಗೂ ಶನಿವಾರ ಬೆಳಿಗ್ಗೆ ಇವೆರಡನ್ನೇ ಕಲಸುತ್ತಾಳೆ. ಶಿಲುಬೆ ಕೊರೆದ ಕಬ್ಬಿಣದ ಅಚ್ಚನ್ನು ಒಲೆಯ ಮೇಲೆ ಕಾಯಿಸಿ, ಹಿಟ್ಟು ಹೊಯ್ದು, ಹಿಡಿ ಒತ್ತಿ, ಕರ್ತನ ಪ್ರಾರ್ಥನೆ ಒಂದು ಸಲ ಹೇಳಿ ಮುಗಿಸುವಷ್ಟರಲ್ಲಿ ತೆಗೆದರೆ ಕಾಗದದಂಥ ಬಿಳಿ ಹಾಳೆ. ಅದನ್ನು ಒದ್ದೆ ಬಟ್ಟೆಯಡಿ ಮೆತ್ತಗಾಗಲು ಬಿಟ್ಟು ದುಂಡಗೆ ಕತ್ತರಿಸಿದರೆ ನಾಳೆ ಚರ್ಚಿನ ಪೂಜೆಗೆ ಪರಮಪ್ರಸಾದದ ರೊಟ್ಟಿ. ಉಳಿದದ್ದು ತೂತು ತೂತಾದ ಅಂಚು.

ಆಗೆಲ್ಲ ಆ ಅಂಚು ಗಂಡನ ಪಾಲು. ಗಡಿಯಾರ ರಿಪೇರಿಯ ಮನುಷ್ಯ. ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯದೆಯೇ ಅಡುಗೆಮನೆಗೆ ಬಂದು ಕಾಲೆಳೆಯುತ್ತಿದ್ದ.

"ನಿನ್ನ ಪ್ರಾರ್ಥನೆ ಮೂರು ಸೆಕೆಂಡು ಮುಂದಿದೆ ಕಣೇ."

"ರೀ, ಕೈ ತೆಗೀರಿ. ಇದು ಚರ್ಚಿಗೆ ಹೋಗೋದು."

"ಅಂಚು ಯಾವ ಚರ್ಚಿಂದು?"

"ಅಂಚಿಗೆಲ್ಲಿಯ ಚರ್ಚು!"

"ಹಾಗಾದ್ರೆ ನಂದೇ" ಎಂದು ಡಬ್ಬಿ ಎತ್ತಿಕೊಂಡು ಚಹಾದ ಜೊತೆ ಕರುಕುರು ತಿನ್ನುತ್ತಿದ್ದ.

ಭಾನುವಾರ ಇಬ್ಬರೂ ಕೂಡಿಯೇ ಮನೆ ಬಿಡುತ್ತಿದ್ದರು. ಬೀದಿ ಕವಲೊಡೆಯುವಲ್ಲಿ ಅವಳು ಎಡಕ್ಕೆ, ಅವನು ಬಲಕ್ಕೆ. ಅವಳು ಕ್ಯಾಥೊಲಿಕ್, ಅವಳ ಕಡೆ ಫಾದರ್; ಅವನು ಪ್ರೊಟೆಸ್ಟೆಂಟ್, ಅವನ ಕಡೆ ಪಾಸ್ಟರ್. ಒಬ್ಬರ ಚರ್ಚಿನ ರೊಟ್ಟಿ ಇನ್ನೊಬ್ಬರಿಗೆ ಸಲ್ಲದು. ಮದುವೆಯ ಹೊಸತರಲ್ಲಿ ಒಬ್ಬರ ಚರ್ಚಿಗೆ ಇನ್ನೊಬ್ಬರು ಹೋಗಿ ನೋಡಿದ್ದೂ ಉಂಟು. ಒಬ್ಬರು ಎದ್ದು ರೊಟ್ಟಿ ತೆಗೆದುಕೊಳ್ಳಲು ಮುಂದೆ ಹೋದಾಗ ಇನ್ನೊಬ್ಬರು ಬೆಂಚಿನಲ್ಲಿ ಕೂತು ಕೊಡೆ ಕಾಯುವುದು! "ಒಂದೇ ತಟ್ಟೇಲಿ ಉಣ್ಣೋ ನಮಗೆ ಇಲ್ಲಿ ಮಾತ್ರ ಬೇರೆ ಬೇರೆ ಪಂಕ್ತಿ" ಎಂದು ನಗುತ್ತಿದ್ದ.

ನಲವತ್ತು ವರ್ಷ ಹೀಗೇ ಸಂದವು. ಆಮೇಲೆ ಅವನ ಗಂಟಲು ಕೈಕೊಟ್ಟಿತು.

ಅದೂ ಒಂದು ಶನಿವಾರವೇ. ಹಾಸಿಗೆ ಹಿಡಿದವನಿಗೆ ಕರ್ತನ ಭೋಜನ ಕೊಡಲು ಪಾಸ್ಟರ್ ಮನೆಗೇ ಬಂದರು. ಚಿಕ್ಕ ಪೆಟ್ಟಿಗೆ ತೆರೆದು, ಬಟ್ಟಲಿಗೆ ದ್ರಾಕ್ಷಾರಸ ಹೊಯ್ದು, ಪಕ್ಕದಲ್ಲಿ ಬ್ರೆಡ್ಡಿನ ತುಂಡು ಇಟ್ಟರು. ತುಂಡು ಕಂಡದ್ದೇ ಅವನು ಗೋಡೆಯ ಕಡೆ ತಿರುಗಿದ. ಹಿಂದಿನ ತಿಂಗಳು ಅಂಥದೇ ತುಂಡು ಗಂಟಲಲ್ಲಿ ಸಿಕ್ಕಿ ಉಸಿರು ಹೋಗಿ ಬಂದಿತ್ತು.

"ಆಗಲ್ಲ ಬಿಡಿ, ಅಯ್ಯನವರೇ. ಇನ್ನು ನನ್ನ ಪಾಲಿಗೆ ಅದಿಲ್ಲ."

ಪಾಸ್ಟರ್ ಅವಳ ಮುಖ ನೋಡಿದರು. "ಏನು ತಿಂತಾರಮ್ಮ ಈಗ?"

"ಗಂಜಿ. ಆಮೇಲೆ..." ಅವಳು ತಡವರಿಸಿದಳು. "ನಮ್ಮ ರೊಟ್ಟಿಯ ಅಂಚು. ಅದು ನಾಲಿಗೆ ಮೇಲೆ ಕರಗತ್ತೆ."

"ನಮ್ಮ ಪ್ರಾರ್ಥನೆಗೆ ಅದಾದರೂ ಸಾಕು. ಕೊಡ್ತೀರಾ?"

ಅವಳು ಒಳಗೆ ಹೋದಳು. ಫಾದರ್ ಏನೆನ್ನುತ್ತಾರೋ ಎಂದುಕೊಂಡಳು. ಪೂಜೆಯಾಗುವ ತನಕ ಅದು ಬರೀ ಹಿಟ್ಟು ಎಂದವರೂ ಅವರೇ. ಕೈ ಡಬ್ಬಿಯತ್ತ ಹೋಯಿತು; ಅಲ್ಲಿಂದ ಹಿಂದೆ ಸರಿದು, ಬಟ್ಟೆ ಮುಚ್ಚಿದ ತಟ್ಟೆಯಿಂದ ಶಿಲುಬೆ ಚೊಕ್ಕವಾಗಿ ಮೂಡಿದ ದುಂಡು ರೊಟ್ಟಿಯೊಂದನ್ನು ಎತ್ತಿಕೊಂಡಿತು.

"ಅದು ನಾಳೇದಲ್ವೇನೇ? ನಂಗೆ ಅಂಚು ಸಾಕು" ಎಂದ ಗಂಡ.

"ಇಷ್ಟು ವರ್ಷ ತಿಂದಿದ್ದು ಸಾಲದಾ? ನಾಳೆಗೆ ಇನ್ನೊಂದು ಹೊಯ್ತೀನಿ. ಅಚ್ಚಿನ್ನೂ ಬಿಸಿ ಇದೆ."

ಪಾಸ್ಟರ್ ಪ್ರಾರ್ಥಿಸಿ ರೊಟ್ಟಿಯನ್ನು ಎರಡಾಗಿ ಮುರಿದರು. ಒಂದು ಅರ್ಧ ಅವನ ನಾಲಿಗೆಯ ಮೇಲೆ ಕರಗಿತು. ಕೆಮ್ಮು ಬರಲಿಲ್ಲ, ಕಣ್ಣಂಚಿನಿಂದ ನೀರು ಮಾತ್ರ ಇಳಿದು ದಿಂಬು ಸೇರಿತು. ಇನ್ನೊಂದು ಅರ್ಧ ಹಿಡಿದು ಪಾಸ್ಟರ್ ಅವಳತ್ತ ತಿರುಗಿದರು. ನಲವತ್ತು ವರ್ಷದ ಹಿಂದೆ ಕೊಡೆ ಕಾದ ಬೆಂಚು ಅವಳಿಗೆ ನೆನಪಾಯಿತು. ಕೈ ಚಾಚಿದರೆ ಸಾಕಿತ್ತು. ಅವಳು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ತಲೆ ಬಾಗಿದಳು. ಪಾಸ್ಟರ್ ಒತ್ತಾಯಿಸಲಿಲ್ಲ, ತಲೆಯ ಮೇಲೆ ಕೈಯಿಟ್ಟು ಹರಸಿ, ಆ ಅರ್ಧವನ್ನು ತಾವೇ ತೆಗೆದುಕೊಂಡರು.

ಅವರು ಹೋದ ಮೇಲೆ ಗಂಡ ಕೇಳಿದ, "ತಗೋಬಹುದಿತ್ತಲ್ಲೇ?"

"ಆಸೆ ಇತ್ತು ರೀ. ಆದ್ರೆ ಬೇರೆ ಚರ್ಚಿನ ರೊಟ್ಟಿ ತಗೊಳ್ಳಲ್ಲ ಅಂತ ಫಾದರ್‌ಗೆ ಮಾತು ಕೊಟ್ಟವಳು. ಮಾತು ಮುರಿದು ನಿಮ್ಮ ಪಂಕ್ತೀಲಿ ಹೇಗೆ ಕೂರಲಿ?"

ಅವನು ಅಡುಗೆಮನೆಯ ಕಡೆ ಕೈ ತೋರಿದ. "ಹಾಗಾದ್ರೆ ಅದರ ಅಂಚು ತಾ."

ಆ ರೊಟ್ಟಿ ಕತ್ತರಿಸಿದ ಹಾಳೆಯನ್ನೇ ಹುಡುಕಿ ತಂದಳು. ಅವನು ಅದನ್ನು ಮಸೂರದಂತೆ ಕಣ್ಣಿಗೆ ಹಿಡಿದು, ತೂತಿನಿಂದ ಅವಳನ್ನು ನೋಡಿದ.

"ಕಾಣ್ತಿದೀಯ. ತಗೋ, ಇವತ್ತು ಅಂಚು ನಿನ್ನ ಪಾಲು."

ಮಂಚದ ಅಂಚಿನಲ್ಲಿ ಕೂತು ಅವಳು ಅದನ್ನು ಚೂರು ಚೂರಾಗಿ ತಿಂದಳು. ಅವನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಆ ಅಂಚಿನ ಡಬ್ಬಿ ಇನ್ನೂ ಅಡುಗೆಮನೆಯಲ್ಲಿದೆ. ಶನಿವಾರ ಮೊದಲ ಹಾಳೆಯ ಅಂಚು ಅದಕ್ಕೇ ಬೀಳುತ್ತದೆ. ಚಹಾ ಕಾಯಿಸಿಕೊಂಡು ಅವಳೇ ತಿನ್ನುತ್ತಾಳೆ. ಮೂರು ಸೆಕೆಂಡು ಮುಂದೆ ಎನ್ನುವವರಿಲ್ಲದ್ದಕ್ಕೋ ಏನೋ, ಪ್ರಾರ್ಥನೆ ಈಗ ನಿಧಾನ. ಹಾಳೆಗಳು ತುಸು ಕೆಂಪಗಾಗುತ್ತವೆ.