ಧಾರೆ ಸೀರೆಯ ಸೆರಗು

ಸತ್ತ ತಮ್ಮನ ಉಡುದಾರ ಕತ್ತರಿಸಲು ಕುಡುಗೋಲು ಹಿಡಿದು ಬಗ್ಗಿದ ಹೊನ್ನಯ್ಯನ ಕೈ, ಹೆಣದ ಎದೆಯ ಮೇಲಿನ ಉದ್ದನೆಯ ಹೊಲಿಗೆ ಕಂಡು ನಿಂತೇಬಿಟ್ಟಿತು.

"ಒಳ್ಗೆ ಬಟ್ಟೆ ಇಟ್ಟು ಒಲ್ದವ್ರಂತೆ, ದಿಟವೇನವ್ವ?"

ಗೋಡೆಗೊರಗಿದ್ದ ಹೊಂಬಾಳಮ್ಮ ಗಂಡನ ಮುಖದಿಂದ ಕಣ್ಣು ಕೀಳದೆ "ಊಂ" ಎಂದಳು.

"ಮಣ್ಣಿಗೋಗೋನ ಮೈಮೇಲೆ ಒಂದೆಳೆ ದಾರ ಇರಬಾರ್ದು. ಯಾರದೋ ಬಟ್ಟೆ ಒಳಗಿಟ್ಕಂಡೋನ್ನ ಅಪ್ಪನ ಮಗ್ಗುಲಲ್ಲಿ ಎಂಗವ್ವ ಮಲಗ್ಸೋದು?" ಎಂದ ಹೊನ್ನಯ್ಯ.

"ಅಂಗಂತ ಇನ್ನೊಂದ್ಸಲ ಕುಯ್ದೀಯಾ?" ಎಂದ ನೆರೆಮನೆಯ ಬೋರಯ್ಯ. "ಒಳೆ ದಂಡೇಲಿ ಸುಟ್ಬುಡನ, ಬುಡು."

ಹೊಲದ ಹೊಂಗೆಮರದ ಬುಡದಲ್ಲಿ, ಮಾವನನ್ನು ಮಣ್ಣು ಮಾಡಿದ ಕಡೆ, ಗಂಡ ಕರಿಯಪ್ಪನ ಪಕ್ಕ ಹೊಂಬಾಳಮ್ಮನಿಗೂ ಜಾಗವಿತ್ತು. ಅದೊಂದೂ ಕೈಬಿಟ್ಟರೆ ಅವಳಿಗೆ ಉಳಿಯುವುದಾದರೂ ಏನು?

* * *

ಕರಿಯಪ್ಪನ ಬಾಳೇನು ದೊಡ್ಡ ಕತೆಯಲ್ಲ. ಆಲೆಮನೆಯಲ್ಲಿ ಬೆಲ್ಲ ಕಾಯಿಸಿದ, ಮಂಡ್ಯದ ಮಂಡಿಗೆ ಹಾಕಿದ, ಮದ್ದೂರಲ್ಲಿ ಬಸ್ಸು ಬದಲಿಸುವಾಗ ಹೆಂಡತಿಗೆ ಮೊಳ ಕನಕಾಂಬರ ತಂದ. ಹೋದ ಸುಗ್ಗಿಯಲ್ಲಿ ಕೊಪ್ಪರಿಗೆ ಇಳಿಸುತ್ತಾ ಎದೆ ಹಿಡಿದು ಕೂತ.

"ಹೃದಯದಿಂದ ಹೊರಡೋ ದೊಡ್ಡ ರಕ್ತನಾಳ ಕಿತ್ತಳೆಯಷ್ಟು ಉಬ್ಬಿದೆಯಮ್ಮ," ಎಂದರು ಮಂಡ್ಯದ ಡಾಕ್ಟರು. "ಒಡೆದರೆ ಮುಗೀತು. ಮದರಾಸಲ್ಲಿ ಅದನ್ನ ಕತ್ತರಿಸಿ, ಬಟ್ಟೆಯ ಕೊಳವೆ ಹೊಲೀತಾರೆ. ಆಮೇಲೂ ಬದುಕೋದು ಕಷ್ಟವೇ."

ಯಾವ ಬಟ್ಟೆ ಎಂದು ಕೇಳಲು ಅವಳಿಗೆ ನಾಚಿಕೆ. ಮನೆಗೆ ಬಂದವಳೇ ಧಾರೆ ಸೀರೆಯ ಮೆತ್ತನೆ ಸೆರಗು ಕತ್ತರಿಸಿ, ಕುದಿಸಿ, ಒಣಗಿಸಿ ಮಡಿಸಿದಳು. ಕರಿಯಪ್ಪ ನಕ್ಕುಬಿಟ್ಟ.

"ಇನ್ಮೇಲೆ ನಿನ್ ಸೆರಗು ಇಡ್ಕಂಡೇ ಬದುಕು ಅಂತೀಯೇನಮ್ಮಿ?"

ಮದರಾಸಿನ ನರ್ಸಮ್ಮ ಅದನ್ನು ಇಸಕೊಂಡು ತಲೆಯಾಡಿಸಿದಳು. ಅವಳ ತಮಿಳು ಇವಳಿಗೆ ತಿಳಿಯದು, ಇವಳ ಕನ್ನಡ ಅವಳಿಗೆ ತಿಳಿಯದು. ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಕರಿಯಪ್ಪನಿಗೆ ಮತ್ತೆ ಎಚ್ಚರವಾಗಲೇ ಇಲ್ಲ.

* * *

ಹೊಂಬಾಳಮ್ಮ ಎದ್ದು ನಿಂತಳು. "ಯಾರದೋ ಬಟ್ಟೆ ಅಲ್ಲ ಕಣ್ ಬಾವ. ನನ್ ದಾರೆ ಸೀರೆ ಸೆರಗು, ನಾನೇ ಕೊಟ್ಟಿದ್ದು. ಅದನ್ನ ಈಚೆ ತೆಗೀಬೇಕಾದ್ರೆ ಮೊದ್ಲು ನನ್ನ ಮಣ್ಣು ಮಾಡಿ."

ಹೊನ್ನಯ್ಯ ಮತ್ತೆ ಬಗ್ಗಿದ. "ದಾರೆ ಸೀರೆಯಾ! ಅಂಗಾದ್ರೆ ಅದು ಅವನ್ದೇ ಬುಡವ್ವ." ಉಡುದಾರ ಕತ್ತರಿಸಿದ.

ತಮಟೆ ಸದ್ದು ಹೊಂಗೆಮರದ ಕಡೆ ಹೋಯಿತು. ಸೂತಕದ ಬಟ್ಟೆ ನೆನೆಹಾಕಲೆಂದು ಹೊಂಬಾಳಮ್ಮ ಆಸ್ಪತ್ರೆಯಿಂದ ಬಂದ ಗಂಟು ಬಿಚ್ಚಿದಳು. ಪಂಚೆ, ಟವೆಲು, ಅಂಗಿ. ಅಂಗಿಯೊಳಗೆ ಸೆರಗಿನ ತುಂಡು, ಅವಳು ಮಡಿಸಿದ ಮಡಿಕೆ ಹಾಗೇ ಇತ್ತು.

ಅಯ್ಯೋ, ಹೊಲದಲ್ಲಿ ಗುದ್ದಲಿ ಸದ್ದು ಇನ್ನೂ ನಿಂತಿರಲಿಲ್ಲ. ಅಳು ಅಲ್ಲಿಗೆ ಕೇಳಿ ಗುದ್ದಲಿ ನಿಂತೀತೆಂದು ಆ ಸೆರಗನ್ನೇ ಬಾಯಿಗೆ ತುರುಕಿಕೊಂಡಳು.